ವಿಷ ಸಹಿಸುವುದು ಗುಣವೇ?

ಟಾಲ್ಯೂಯಿನ್ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಯವಿಲ್ಲದಿರಬಹುದು. ಆದರೆ ಅದರ ವಾಸನೆ ಮೂಗಿಗೆ ತಾಗದವರು ವಿರಳ. ಹೊಸದಾಗಿ ಬಣ್ಣ ಹೊಡೆದ ಕಬ್ಬಿಣದ ಗೇಟಿನ ಹತ್ತಿರ ನಿಂತಾಗ, ಪೇಂಟ್ ಅಂಗಡಿಯವನು ಥಿನ್ನರ್ ಡಬ್ಬಿಯ ಮುಚ್ಚಳ ತೆರೆದಾಗ, ಬೆಂಚು ಕುರ್ಚಿಗಳಿಗೆ ಪಾಲಿಶ್ ಹಾಕುವ ಶೆಡ್ಡಿನ ಮುಂದೆ ಹಾದುಹೋಗುವಾಗ ಸಿಹಿಯೂ ಖಾರವೂ ಬೆರೆತಂಥ ಒಂದು ವಾಸನೆ ಬರುತ್ತದಲ್ಲ, ಅದರಲ್ಲಿ ಈ ದ್ರವದ ಪಾಲು ಬಹಳ. ಎಣ್ಣೆ, ಬಣ್ಣ, ಅಂಟು, ರಬ್ಬರು ಮುಂತಾದ ನೀರಿಗೆ ಬಗ್ಗದ ಪದಾರ್ಥಗಳನ್ನು ಕರಗಿಸುವ ದ್ರವ ಅದು. ಇಂಥವಕ್ಕೆ ಸಾವಯವ ದ್ರಾವಕಗಳೆಂದು ಹೆಸರು. ಬೆಂಜೀನ್, ಸ್ಟೈರೀನ್, ಝೈಲೀನ್ ಇವೆಲ್ಲ ಇದೇ ಬಳಗದವು.

ಇಂಥ ದ್ರವದಲ್ಲಿ ಜೀವ ಉಳಿಯುವುದಿಲ್ಲವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ನೀರಿಗೆ ಸಾವಿರದಲ್ಲೊಂದು ಪಾಲು ಟಾಲ್ಯೂಯಿನ್ ಬೆರೆಸಿದರೂ ಬಹುತೇಕ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಪ್ರಯೋಗಶಾಲೆಗಳಲ್ಲಿ ಜೀವಕೋಶಗಳನ್ನು ತೂತು ಮಾಡಿ ಒಳಗಿನ ಸರಕು ಹೊರತೆಗೆಯಲು ಇದನ್ನೇ ಬಳಸುತ್ತಿದ್ದರು. ಹೀಗಿರುವಾಗ 1989ರಲ್ಲಿ ಜಪಾನಿನ ಇನೊವೆ ಮತ್ತು ಹೊರಿಕೋಶಿ ಎಂಬಿಬ್ಬರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟಿಸಿದರು. ಸ್ಯೂಡೋಮೊನಾಸ್ ಪುಟಿಡಾ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಒಂದು ತಳಿ, ಅರ್ಧಕ್ಕರ್ಧ ಟಾಲ್ಯೂಯಿನ್ ಸುರಿದ ಪಾತ್ರೆಯಲ್ಲೂ ಬದುಕಿ ಬೆಳೆಯುತ್ತಿತ್ತು. ಟಾಲ್ಯೂಯಿನ್ ಅದರ ಆಹಾರವೇನೂ ಅಲ್ಲ. ಅದು ವಿಷವನ್ನು ತಿಂದು ಮುಗಿಸುತ್ತಿರಲಿಲ್ಲ, ವಿಷದ ಪಕ್ಕದಲ್ಲೇ ಬದುಕುತ್ತಿತ್ತು.

ವಿಷದ ಪಕ್ಕದಲ್ಲಿ ಬದುಕುವುದು ಎಂಬ ಮಾತು ನಮ್ಮಂಥ ಕಥೆ ಬರೆಯುವವರ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಓದುಗರು ಊಹಿಸಬಲ್ಲರು. ತಕ್ಷಣ ಒಂದು ಉಪಮೆ ಸಿದ್ಧವಾಗುತ್ತದೆ. ಸಮಾಜದಲ್ಲಿ ದಿನಬೆಳಗಾದರೆ ಹರಿದುಬರುವ ದ್ವೇಷದ ಮಾತು, ಅದರ ನಡುವೆ ಬದುಕಬೇಕಾದ ಸಣ್ಣ ಜನ, 'ಹೊಂದಿಕೊಂಡು ಹೋಗಿ' ಎಂಬ ಎಲ್ಲ ಕಡೆಯ ಉಪದೇಶ, ಇವೆಲ್ಲಕ್ಕೂ ಒಂದು ಸೂಕ್ಷ್ಮಾಣುವಿನ ಸಾಕ್ಷಿ ಸಿಕ್ಕಂತಾಗುತ್ತದೆ. ಉಪಮೆ ಅಷ್ಟು ಸುಲಭವಾಗಿ ಕೈಗೆ ಬಂದಾಗ ಅದನ್ನು ತುಸು ಅನುಮಾನದಿಂದ ನೋಡುವುದು ಒಳ್ಳೆಯದು. ಆದ್ದರಿಂದ ಮೊದಲು ಆ ಜೀವಿ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಅದರಿಂದ ನಮಗೇನು ಎಂಬ ಪ್ರಶ್ನೆ ಆಮೇಲಿನದು.

ಬ್ಯಾಕ್ಟೀರಿಯಾಕ್ಕೆ ಮನೆ, ಗೋಡೆ, ಚರ್ಮ ಎಲ್ಲವೂ ಅದರ ಪೊರೆಯೇ. ಆ ಪೊರೆ ಕೊಬ್ಬಿನಿಂದಾದದ್ದು. ಕೋಟ್ಯಂತರ ಕೊಬ್ಬಿನ ಕಣಗಳು ಎರಡು ಸಾಲಾಗಿ ಒತ್ತೊತ್ತಾಗಿ ನಿಂತು ಒಳಗಿನದನ್ನು ಒಳಗೂ ಹೊರಗಿನದನ್ನು ಹೊರಗೂ ಇಡುತ್ತವೆ. ಟಾಲ್ಯೂಯಿನ್ ಕೊಬ್ಬಿಗೆ ಸ್ನೇಹಿತ, ನೀರಿಗೆ ಅಪರಿಚಿತ. ಆದ್ದರಿಂದ ನೀರಿನಲ್ಲಿ ಅದರ ಪ್ರಮಾಣ ಕಡಿಮೆಯಿದ್ದರೂ ಪೊರೆಯಲ್ಲಿ ಹೋಗಿ ಶೇಖರವಾಗುತ್ತದೆ. ಕೊಬ್ಬಿನ ಸಾಲುಗಳ ನಡುವೆ ನುಸುಳಿ ಅವುಗಳ ಬಿಗಿ ಸಡಿಲಿಸುತ್ತದೆ. ಆಗ ಒಳಗಿನ ಪೊಟ್ಯಾಸಿಯಂ ಸೋರತೊಡಗುತ್ತದೆ, ಶಕ್ತಿಯ ಕಣಗಳು ಸೋರುತ್ತವೆ, ಕೊನೆಗೆ ಪ್ರೋಟೀನುಗಳೂ ಹೊರಬೀಳುತ್ತವೆ. ಬ್ಯಾಕ್ಟೀರಿಯಾ ಬದುಕಿರುವುದೇ ಪೊರೆಯ ಒಳಗೂ ಹೊರಗೂ ಇರುವ ವ್ಯತ್ಯಾಸದಿಂದ. ಆ ವ್ಯತ್ಯಾಸದಿಂದಲೇ ಅದು ತನ್ನ ಶಕ್ತಿಯನ್ನು ಹುಟ್ಟಿಸಿಕೊಳ್ಳುತ್ತದೆ. ವ್ಯತ್ಯಾಸ ಅಳಿಸಿತೆಂದರೆ ಕಥೆ ಮುಗಿಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ನೀರನ್ನು ಪೂರ್ತಿ ದ್ವೇಷಿಸುವ ಎಣ್ಣೆಗಳು ಅಷ್ಟು ಅಪಾಯಕಾರಿಯಲ್ಲ. ಅವು ನೀರಿನಲ್ಲಿ ಕರಗುವುದೇ ಇಲ್ಲವಾದ್ದರಿಂದ ಪೊರೆಯವರೆಗೆ ಸಾಕಷ್ಟು ಪ್ರಮಾಣದಲ್ಲಿ ತಲುಪಲಾರವು. ನೀರಿನಲ್ಲಿ ಸರಾಗವಾಗಿ ಬೆರೆಯುವವು ಪೊರೆಯೊಳಗೆ ಹೆಚ್ಚು ಸೇರಲಾರವು. ನೀರಿನಲ್ಲಿ ಸ್ವಲ್ಪ ಕರಗಿ, ಕೊಬ್ಬಿನಲ್ಲಿ ಹೆಚ್ಚು ಕರಗುವ ನಡುವಿನ ಜಾತಿಯವೇ ಹೆಚ್ಚು ಮಾರಕ. ಟಾಲ್ಯೂಯಿನ್, ಬೆಂಜೀನ್, ಸ್ಟೈರೀನ್ ಆ ಜಾತಿಯವು. ಒಂದು ಲೀಟರ್ ನೀರಿನಲ್ಲಿ ಸುಮಾರು ಅರ್ಧ ಗ್ರಾಂ ಟಾಲ್ಯೂಯಿನ್ ಕರಗುತ್ತದೆ. ಕೊಲ್ಲಲು ಅಷ್ಟು ಸಾಕು.

ಈಗ ಬ್ಯಾಕ್ಟೀರಿಯಾದ ಉತ್ತರ ನೋಡೋಣ. ಮೊದಲ ಉತ್ತರ ನಿಮಿಷಗಳಲ್ಲಿ ಬರುತ್ತದೆ. ಅದರ ಪೊರೆಯ ಕೊಬ್ಬಿನಾಮ್ಲಗಳಲ್ಲಿ ಕೆಲವು ನಡುವಿನಲ್ಲಿ ಬಾಗಿರುತ್ತವೆ. ಸೊಟ್ಟ ಕಟ್ಟಿಗೆಗಳ ಹೊರೆ ಕಟ್ಟಿದರೆ ನಡುವೆ ಸಂದು ಉಳಿಯುತ್ತದೆ. ನೆಟ್ಟಗಿನ ಕಟ್ಟಿಗೆಗಳಾದರೆ ಹೊರೆ ಬಿಗಿಯಾಗುತ್ತದೆ. ಮಾಮೂಲಿ ಕಾಲದಲ್ಲಿ ಪೊರೆಗೆ ಸ್ವಲ್ಪ ಸಡಿಲ ಬೇಕು, ಆದ್ದರಿಂದ ಬಾಗಿದ ಕಣಗಳು ಬೇಕು. ವಿಷ ನುಗ್ಗಿ ಪೊರೆಯನ್ನು ಇನ್ನಷ್ಟು ಸಡಿಲಿಸಿದಾಗ ಒಂದು ಕಿಣ್ವ ಎಚ್ಚೆತ್ತು, ಇದ್ದ ಜಾಗದಲ್ಲೇ ಬಾಗಿದ ಕಣಗಳನ್ನು ನೆಟ್ಟಗೆ ಮಾಡುತ್ತದೆ. ಹೊಸ ಕಣ ಕಟ್ಟುವುದಿಲ್ಲ, ಹಳೆಯದನ್ನು ಒಡೆಯುವುದಿಲ್ಲ. ಅದೇ ಕಣ, ಅದೇ ಪರಮಾಣುಗಳು, ನಡುವಿನ ತಿರುವು ಮಾತ್ರ ಬದಲು. 1992ರಲ್ಲಿ ಜರ್ಮನಿಯ ಹೈಪೀಪರ್ ಮತ್ತು ಸಂಗಡಿಗರು ಫೀನಾಲ್ ವಿಷಕ್ಕೆ ಸಿಕ್ಕ ಸ್ಯೂಡೋಮೊನಾಸ್ ಪುಟಿಡಾದಲ್ಲಿ ಇದನ್ನು ತೋರಿಸಿದರು. ಈ ಕೆಲಸಕ್ಕೆ ಜೀವಕೋಶ ತನ್ನ ಶಕ್ತಿಯ ದಾಸ್ತಾನಿನಿಂದ ಏನನ್ನೂ ಖರ್ಚು ಮಾಡಬೇಕಿಲ್ಲ. ಬೆಳವಣಿಗೆ ಪೂರ್ತಿ ನಿಂತುಹೋದ ಸ್ಥಿತಿಯಲ್ಲೂ ಇದು ನಡೆಯುತ್ತದೆ.

ಎರಡನೆಯದು ನಿಧಾನದ ಉತ್ತರ. ಮುಂದೆ ಕಟ್ಟುವ ಪೊರೆಯಲ್ಲಿ ಬಾಗದ ಕೊಬ್ಬಿನ ಪಾಲು ಹೆಚ್ಚಿಸುವುದು, ಪೊರೆಯನ್ನು ಹಿಡಿದಿಡುವ ಬೇರೆ ಕಣಗಳ ಪ್ರಮಾಣ ಬದಲಿಸುವುದು. ಇದಕ್ಕೆ ಬೆಳೆಯುವ ಬಲ ಬೇಕು, ಕಾಲ ಬೇಕು.

ಇಷ್ಟರಿಂದಲೇ ಉಳಿಯಲು ಸಾಧ್ಯವಿಲ್ಲ. ಗೋಡೆ ಎಷ್ಟು ಬಿಗಿದರೂ ವಿಷ ಒಳಬರುತ್ತಲೇ ಇರುತ್ತದೆ. ಆದ್ದರಿಂದ ಬಂದದ್ದನ್ನು ಎತ್ತಿ ಹೊರಹಾಕುವ ಪಂಪುಗಳು ಬೇಕು. ಒಳಪೊರೆಯಿಂದ ಹೊರಪೊರೆಯವರೆಗೆ ಚಾಚಿಕೊಂಡ, ಮೂರು ಭಾಗಗಳ ಪ್ರೋಟೀನ್ ಯಂತ್ರಗಳು ಇವು. ಸ್ಪೇನಿನ ಗ್ರಾನಡಾ ನಗರದಲ್ಲಿ ಹುವಾನ್ ಲೂಯಿಸ್ ರಾಮೋಸ್ ಮತ್ತು ಸಂಗಡಿಗರು 1995ರಿಂದ ಅಧ್ಯಯನ ಮಾಡಿದ ಒಂದು ತಳಿಯಲ್ಲಿ ಇಂಥ ಮೂರು ಪಂಪುಗಳಿವೆ. ಅವುಗಳಲ್ಲಿ ಒಂದು, ಅತಿ ಮುಖ್ಯವಾದದ್ದು, ಆ ಬ್ಯಾಕ್ಟೀರಿಯಾದ ಮುಖ್ಯ ವಂಶವಾಹಿಯಲ್ಲಿಲ್ಲ. ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಉಂಗುರದಲ್ಲಿದೆ. ನೆದರ್ಲೆಂಡ್ಸ್‌ನಲ್ಲಿ ಅಧ್ಯಯನಕ್ಕೊಳಗಾದ ಎಸ್ 12 ಎಂಬ ತಳಿಯಲ್ಲಿ ಇನ್ನೂ ವಿಚಿತ್ರ ಸಂಗತಿ ಕಂಡುಬಂತು. ಅದರ ಪಂಪಿಗೆ ಬೀಗ ಹಾಕಿಡುವ ಒಂದು ಜೀನ್ ಇದೆ. ವಿಷದ ಪೆಟ್ಟು ಬಿದ್ದಾಗ ಬದುಕುಳಿದ ಕೆಲವರಲ್ಲಿ, ಅಲ್ಲಿಂದಿಲ್ಲಿಗೆ ನೆಗೆಯುವ ಒಂದು ಅಲೆಮಾರಿ ಡಿಎನ್‌ಎ ತುಣುಕು ಹೋಗಿ ಆ ಬೀಗದ ಜೀನಿನಲ್ಲೇ ಕುಳಿತು ಅದನ್ನು ಕೆಡಿಸಿಬಿಟ್ಟಿತ್ತು. ಬೀಗ ಕೆಟ್ಟಿತು, ಪಂಪು ಸದಾ ಓಡತೊಡಗಿತು. ಕೆಡುಕಿನಿಂದ ಉಳಿವು ಎಂದು ಇದನ್ನು ಕರೆಯಬೇಕೋ ಏನೋ.

ಜೊತೆಗೆ ಕೆಲವು ತಳಿಗಳು ತಮ್ಮ ಹೊರಪೊರೆಯನ್ನೇ ಸಣ್ಣ ಗುಳ್ಳೆಗಳಾಗಿ ಕಳಚಿ ಬಿಡುತ್ತವೆ. ವಿಷ ಅಂಟಿಕೊಂಡ ಭಾಗ ಹಾಗೆ ಉದುರಿಹೋಗುತ್ತದೆ. ಗ್ರಾನಡಾದ ತಳಿಯಂತೂ ಟಾಲ್ಯೂಯಿನ್ನನ್ನು ಒಡೆದು ಆಹಾರವಾಗಿಯೂ ಮಾಡಿಕೊಳ್ಳುತ್ತದೆ.

ಇದಕ್ಕೆಲ್ಲ ಬೆಲೆಯಿದೆ. ಪಂಪು ಓಡಲು ಶಕ್ತಿ ಬೇಕು, ಆ ಶಕ್ತಿ ಬೆಳವಣಿಗೆಯ ಲೆಕ್ಕದಿಂದ ಕಡಿತವಾಗುತ್ತದೆ. ವಿಷದಲ್ಲಿ ಬದುಕುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ, ತಿಂದ ಆಹಾರಕ್ಕೆ ತಕ್ಕಷ್ಟು ಸಂಖ್ಯೆ ಹೆಚ್ಚುವುದಿಲ್ಲ. ಇನ್ನು ಸತ್ತವರ ಲೆಕ್ಕ. ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ಟಾಲ್ಯೂಯಿನ್ ಸುರಿದರೆ ಸಹಿಷ್ಣು ತಳಿಯಲ್ಲೂ ಬಹುಪಾಲು ಸಾಯುತ್ತದೆ, ಉಳಿಯುವುದು ತೀರಾ ಸಣ್ಣ ಅಂಶ. ಅದೇ ತಳಿಗೆ ಮೊದಲೇ ಸ್ವಲ್ಪ ಆವಿ ತಾಗಿಸಿ ರೂಢಿ ಮಾಡಿಸಿದ್ದರೆ, ಆಮೇಲಿನ ದೊಡ್ಡ ಪೆಟ್ಟಿಗೆ ಬಹುತೇಕ ಎಲ್ಲವೂ ಉಳಿಯುತ್ತವೆ. 'ಹೊಂದಿಕೊಂಡಿತು' ಎಂದು ನಾವು ಒಂದೇ ಪದದಲ್ಲಿ ಹೇಳುವಾಗ ಮೊದಲ ಪಾತ್ರೆಯಲ್ಲಿ ಸತ್ತ ಕೋಟಿಗಳು ಆ ಪದದೊಳಗೆ ಕಾಣುವುದಿಲ್ಲ. ಬದುಕುಳಿದವರ ಕಥೆ ಬರೆಯುವುದು ಸುಲಭ. ನಮ್ಮ ಕಸುಬಿನ ಒಂದು ದೋಷವೂ ಅದೇ.

ಗ್ರಾನಡಾದ ಹೆಸರು ಬಂತು. ಮುಸ್ಲಿಮ್ ಮನೆಯಲ್ಲಿ ಬೆಳೆದವರು ಆ ಹೆಸರನ್ನು ಕೇಳಿ ಸುಮ್ಮನೆ ಮುಂದೆ ಹೋಗಲಾರರು. ನಮ್ಮ ಉರ್ದು ಶಾಲೆಗಳಲ್ಲಿ ಅದು ಗರ್ನಾತಾ. ಹೊಂದಿಕೊಳ್ಳುವುದು ಎಷ್ಟರವರೆಗೆ ಎಂಬ ಪ್ರಶ್ನೆ ಆ ಊರಿನ ಮನುಷ್ಯರಿಗೂ ಒಮ್ಮೆ ಬಂದಿತ್ತು. 1492ರ ಜನವರಿಯಲ್ಲಿ ನಗರವನ್ನು ಕ್ಯಾಥೊಲಿಕ್ ರಾಜರಿಗೆ ಒಪ್ಪಿಸಿದಾಗ ಧರ್ಮ, ಮಸೀದಿ, ಖಾಜಿಗಳ ನ್ಯಾಯ ಎಲ್ಲವೂ ಉಳಿಯುತ್ತದೆಂದು ಒಪ್ಪಂದವಾಗಿತ್ತು. ಹತ್ತು ವರ್ಷ ತುಂಬುವುದರೊಳಗೆ ಒಪ್ಪಂದ ಮುರಿದುಬಿತ್ತು. 1502ರಲ್ಲಿ ಕ್ಯಾಸ್ಟೈಲಿನ ಮುಸ್ಲಿಮರ ಮುಂದೆ ಇಟ್ಟದ್ದು ಎರಡೇ ದಾರಿ: ಮತಾಂತರ ಅಥವಾ ದೇಶಾಂತರ.

ಆ ಕಾಲದ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿದ್ದವು. ಫೆಜ್ ನಗರದಲ್ಲಿದ್ದ ಅಲ್ ವನ್‌ಶರೀಸಿ ಕಟ್ಟುನಿಟ್ಟಿನವರು. ಸಾಧ್ಯವಿರುವವರೆಲ್ಲ ಹಿಜ್ರತ್ ಹೊರಡಲೇಬೇಕು, ಅಲ್ಲಿ ಉಳಿಯುವುದು ಸಲ್ಲದು ಎಂಬುದು ಅವರ ನಿಲುವು. 1504ರಲ್ಲಿ ಒರಾನ್ ಕಡೆಯ ಇಬ್ನ್ ಅಬೀ ಜುಮ್ಆ ಎಂಬ ಮುಫ್ತಿ ಬೇರೆಯೇ ಉತ್ತರ ಬರೆದು ಕಳಿಸಿದರು. ಹಗಲಲ್ಲಿ ನಮಾಝಿಗೆ ಅಡ್ಡಿಯಾದರೆ ರಾತ್ರಿ ಮಾಡಿ. ವಿಗ್ರಹದ ಮುಂದೆ ಬಾಗಿಸಿದರೆ ನಿಮ್ಮ ನಿಯ್ಯತ್ ಅಲ್ಲಾಹನ ಕಡೆಗಿರಲಿ. ಬಲವಂತದಿಂದ ಮದ್ಯ ಕುಡಿಸಿದರೆ ಮನಸ್ಸಿನಲ್ಲಿ ಅದನ್ನು ನಿರಾಕರಿಸಿ ಎಂಬರ್ಥದ ಫತ್ವಾ ಅದು. ಹೊರಗಿನ ಪೊರೆ ಬದಲಾಗಲಿ, ಒಳಗಿನದು ಸೋರದಿರಲಿ ಎಂದಂತೆ.

ಯಾರು ಸರಿ? ನಾಲ್ಕೈದು ಶತಮಾನದ ದೂರದಲ್ಲಿ ಕುಳಿತು ತೀರ್ಪು ಕೊಡುವುದು ನಮಗೆ ಧೈರ್ಯದ ಕೆಲಸವೆನಿಸುವುದಿಲ್ಲ. ಹಡಗಿನ ಬಾಡಿಗೆ ಇಲ್ಲದವನಿಗೆ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಲಾರದವಳಿಗೆ ಮೊದಲ ಫತ್ವಾ ಬರಿಯ ಬೈಗುಳದಂತೆ ಕೇಳಿಸಿರಬೇಕು. ನಮ್ಮ ಮನಸ್ಸು ಎರಡನೆಯ ಮುಫ್ತಿಯ ಕಡೆಗೇ ವಾಲುತ್ತದೆ. ಆದರೆ ಮುಂದಿನದನ್ನೂ ಹೇಳಬೇಕಲ್ಲ. 1567ರ ಆಜ್ಞೆ ಅವರ ಅರಬಿ ಭಾಷೆ, ಉಡುಪು, ಸ್ನಾನಗೃಹಗಳನ್ನೂ ನಿಷೇಧಿಸಿತು. 1568ರಲ್ಲಿ ಬಂಡಾಯವೆದ್ದು 1571ರಲ್ಲಿ ಅಡಗಿತು. 1609ರಿಂದ ಶುರುವಾದ ಉಚ್ಚಾಟನೆಯಲ್ಲಿ ಮೊಮ್ಮಕ್ಕಳ ಮೊಮ್ಮಕ್ಕಳನ್ನು, ಸುಮಾರು ಮೂರು ಲಕ್ಷ ಜನರನ್ನು, ಹಡಗು ಹತ್ತಿಸಲಾಯಿತು. ಬಾಗಿದವರನ್ನೂ ಬಿಡಲಿಲ್ಲ. 1884ರಲ್ಲಿ ಅರಗಾನ್ ಪ್ರಾಂತದ ಅಲ್ಮೊನಾಸಿದ್ ಎಂಬ ಊರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಸುಳ್ಳು ನೆಲದಡಿಯಲ್ಲಿ ಅವರ ಕೈಬರಹದ ಪುಸ್ತಕಗಳು ಸಿಕ್ಕವು. ಅನೇಕವು ಸ್ಪೇನಿನ ಮಾತನ್ನು ಅರಬಿ ಅಕ್ಷರಗಳಲ್ಲಿ ಬರೆದವು.

ಬ್ಯಾಕ್ಟೀರಿಯಾಕ್ಕೂ ಮನುಷ್ಯನಿಗೂ ಇರುವ ಮುಖ್ಯ ಅಂತರ ಇಲ್ಲೇ ಕಾಣಿಸುತ್ತದೆ. ಟಾಲ್ಯೂಯಿನ್‌ಗೆ ಬ್ಯಾಕ್ಟೀರಿಯಾದ ಮೇಲೆ ಹಗೆಯಿಲ್ಲ. ಪೊರೆ ಬಿಗಿಯಾಯಿತೆಂದು ಅದು ಇನ್ನಷ್ಟು ಬಲವಾಗಿ ಬರುವುದಿಲ್ಲ, ಹೊಸ ಆಜ್ಞೆ ಹೊರಡಿಸುವುದಿಲ್ಲ. ಅಲ್ಲಿ ಹೊಂದಾಣಿಕೆಗೆ ಒಂದು ಕೊನೆ ಇದೆ, ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಮನುಷ್ಯ ಮನುಷ್ಯನಿಗೆ ಉಣಿಸುವ ವಿಷ ಹಾಗಲ್ಲ. ನೀವು ಸಹಿಸಿದಿರೆಂದು ತಿಳಿದರೆ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಆರಂಭದಲ್ಲಿ ಕೈಗೆ ಬಂದ ಆ ಉಪಮೆಯನ್ನು ನಾವು ಇಲ್ಲಿಗೇ ಕೆಳಗಿಡುತ್ತೇವೆ. 'ನೋಡಿ, ಕ್ಷುದ್ರ ಜೀವಿಯೂ ಹೊಂದಿಕೊಳ್ಳುತ್ತದೆ, ನೀವೇಕೆ ಹೊಂದಿಕೊಳ್ಳುವುದಿಲ್ಲ' ಎಂದು ಯಾರಾದರೂ ವೇದಿಕೆಯಿಂದ ಹೇಳಿದರೆ ಆ ಮಾತನ್ನು ಅವರಿಗೇ ಬಿಡೋಣ.

ಉಳಿಯುವ ಶಕ್ತಿಯೇ ಒಂದು ಸದ್ಗುಣ ಎಂಬ ಭಾವನೆಗೂ ಒಂದು ಮಾತು ಹೇಳಬೇಕು. ಗ್ರಾನಡಾದ ತಳಿಯ ಮೂರು ಪಂಪುಗಳಲ್ಲಿ ಮೊದಲನೆಯದು ಟಾಲ್ಯೂಯಿನ್ ಒಂದನ್ನೇ ಹೊರಹಾಕುವುದಿಲ್ಲ. ಟೆಟ್ರಾಸೈಕ್ಲಿನ್, ಆಂಪಿಸಿಲಿನ್, ಕ್ಲೋರಾಂಫೆನಿಕಾಲ್ ಮುಂತಾದ ಔಷಧಗಳನ್ನೂ ಎತ್ತಿ ಎಸೆಯುತ್ತದೆ. ಇದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾ, ಸ್ಯೂಡೋಮೊನಾಸ್ ಎರುಜಿನೋಸ, ಆಸ್ಪತ್ರೆಗಳಲ್ಲಿ ಸುಟ್ಟಗಾಯದ ರೋಗಿಗಳನ್ನೂ ವೆಂಟಿಲೇಟರ್ ಮೇಲಿರುವವರನ್ನೂ ಹಿಡಿಯುತ್ತದೆ. ಅದರಲ್ಲೂ ಇಂಥದೇ ಪಂಪಿದೆ. ವೈದ್ಯರು ಕೊಟ್ಟ ಔಷಧ ಫಲಿಸದಿರಲು ಅದೂ ಒಂದು ಕಾರಣ. ಎಣ್ಣೆ ಬಿದ್ದ ಮಣ್ಣನ್ನು ಶುದ್ಧಮಾಡಲು ನೆರವಾಗಬಲ್ಲ ಸಾಮರ್ಥ್ಯವೂ ಐಸಿಯುನಲ್ಲಿ ಪ್ರಾಣ ತೆಗೆಯುವ ಸಾಮರ್ಥ್ಯವೂ ಹತ್ತಿರದ ನೆಂಟರು. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆನಂದ ಮೋಹನ ಚಕ್ರವರ್ತಿ ಹಲವು ಪ್ಲಾಸ್ಮಿಡ್‌ಗಳನ್ನು ಸ್ಯೂಡೋಮೊನಾಸ್‌ನ ಒಂದೇ ತಳಿಗೆ ಸೇರಿಸಿ ಎಣ್ಣೆ ತಿನ್ನುವ ಜೀವಿಯನ್ನು ರೂಪಿಸಿದಾಗ, 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಅದಕ್ಕೆ ಪೇಟೆಂಟ್ ಕೊಡಬಹುದೆಂದಿತು. ಜೀವವಿರುವ ವಸ್ತುವಿಗೆ ಮಾಲೀಕನಿರಬಹುದೇ ಎಂಬುದು ಬೇರೆಯೇ ಲೇಖನದ ವಿಷಯ. ಇಲ್ಲಿ ಅದನ್ನು ಮುಟ್ಟಿ ಬಿಡುತ್ತೇವೆ.

ನಮ್ಮನ್ನು ನಿಜವಾಗಿ ಕಾಡುವುದು ಇನ್ನೊಂದು ಸಂಗತಿ. ಈ ದ್ರಾವಕಗಳು ಬ್ಯಾಕ್ಟೀರಿಯಾಕ್ಕೆ ಮಾತ್ರ ತಾಗುವುದಿಲ್ಲ. ನಮ್ಮ ಮೊಹಲ್ಲಾಗಳ ಹುಡುಗರಲ್ಲಿ ಎಷ್ಟು ಜನ ಪೇಂಟಿಂಗ್, ಪಾಲಿಶ್, ಟಿಂಕರಿಂಗ್, ಚಪ್ಪಲಿ, ಗ್ಯಾರೇಜು ಕೆಲಸದಲ್ಲಿದ್ದಾರೆಂದು ಎಣಿಸಿ ನೋಡಬೇಕಾಗಿಲ್ಲ. ಆ ಹುಡುಗರನ್ನು ಕೇಳಿದರೆ ಒಂದೇ ಉತ್ತರ: ಮೊದಲ ವಾರ ತಲೆ ಸುತ್ತುತ್ತಿತ್ತು ಸಾಬ್, ಈಗ ರೂಢಿಯಾಗಿದೆ. ವಾಸನೆಯೇ ಬರುವುದಿಲ್ಲ.

ರೂಢಿಯಾದದ್ದು ಏನು? ಮೂಗು. ಒಂದೇ ವಾಸನೆ ಸತತವಾಗಿ ತಾಗಿದರೆ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ಬ್ಯಾಕ್ಟೀರಿಯಾ ರೂಢಿ ಮಾಡಿಕೊಂಡಾಗ ಅದರ ಪೊರೆ ಬಿಗಿಯಾಗಿರುತ್ತದೆ, ಪಂಪು ಓಡುತ್ತಿರುತ್ತದೆ. ಹಾನಿ ನಿಜವಾಗಿಯೇ ತಗ್ಗಿರುತ್ತದೆ. ನಮ್ಮ ಹುಡುಗ ರೂಢಿ ಮಾಡಿಕೊಂಡಾಗ ಎಚ್ಚರಿಕೆಯ ಗಂಟೆ ಮಾತ್ರ ನಿಂತಿರುತ್ತದೆ, ಬೆಂಕಿ ಹಾಗೆಯೇ ಇರುತ್ತದೆ. ಎರಡಕ್ಕೂ ನಾವು ಬಳಸುವುದು ಅದೇ 'ರೂಢಿ' ಎಂಬ ಪದ.

ಬೆಂಜೀನಿನ ವಿಷಯ ಇನ್ನೂ ಕ್ರೂರ. ಟಾಲ್ಯೂಯಿನ್‌ಗೂ ಬೆಂಜೀನ್‌ಗೂ ಇರುವ ವ್ಯತ್ಯಾಸ ಒಂದು ಇಂಗಾಲದ ಸಣ್ಣ ಬಾಲ. ಆ ಬಾಲವಿರುವುದರಿಂದ ನಮ್ಮ ಲಿವರ್ ಟಾಲ್ಯೂಯಿನ್ನನ್ನು ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕಬಲ್ಲದು (ಅದರಿಂದ ಅದು ನಿರಪಾಯವೆಂದಲ್ಲ, ಮಿದುಳಿಗೂ ನರಗಳಿಗೂ ಅದು ಕೆಟ್ಟದ್ದೇ). ಬಾಲವಿಲ್ಲದ ಬೆಂಜೀನನ್ನು ಹೊರಹಾಕಲು ಅದೇ ಲಿವರ್ ಪ್ರಯತ್ನಿಸುವಾಗ ಹುಟ್ಟುವ ಪದಾರ್ಥಗಳು ಮೂಳೆಯ ಮಜ್ಜೆಗೆ ಹೋಗಿ ರಕ್ತ ತಯಾರಾಗುವ ಜಾಗವನ್ನೇ ಕೆಡಿಸುತ್ತವೆ. ದೇಹ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಕೆಲಸವೇ ದೇಹಕ್ಕೆ ಮುಳುವಾಗುತ್ತದೆ.

ಇಸ್ತಾಂಬುಲಿನ ಮುಝಫರ್ ಅಕ್ಸೊಯ್ ಎಂಬ ರಕ್ತತಜ್ಞರು ಇದನ್ನು ಚಪ್ಪಲಿ ಕೆಲಸಗಾರರಲ್ಲಿ ಕಂಡರು. ಅಲ್ಲಿಯ ಸಣ್ಣ ಸಣ್ಣ ಅಂಗಡಿಗಳಲ್ಲಿ, ಗಾಳಿಯಾಡದ ಕೋಣೆಗಳಲ್ಲಿ, ಬೆಂಜೀನ್ ಇರುವ ಅಂಟಿನಿಂದ ಚರ್ಮ ಜೋಡಿಸುತ್ತಿದ್ದರು. ನಮ್ಮ ಕಡೆ ಚಮ್ಮಾರರು ಸಲ್ಯೂಷನ್ ಎನ್ನುವಂಥ ಅಂಟು. 1974ರಲ್ಲಿ ಅಕ್ಸೊಯ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ, ಸುಮಾರು 28,500 ಚಪ್ಪಲಿ ಕೆಲಸಗಾರರ ನಡುವೆ 1967ರಿಂದ 1973ರವರೆಗೆ ರಕ್ತದ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿಯ 26 ರೋಗಿಗಳ ವಿವರವಿದೆ. ಸಾಮಾನ್ಯ ಜನರಲ್ಲಿ ಕಾಣುವುದಕ್ಕಿಂತ ಇದು ಹೆಚ್ಚು. ಇಪ್ಪತ್ತಾರು ಸಣ್ಣ ಸಂಖ್ಯೆಯಂತೆ ಕಾಣಬಹುದು. ಒಬ್ಬೊಬ್ಬರನ್ನೂ ಹುಡುಕಿ, ಎಷ್ಟು ವರ್ಷ ಯಾವ ಅಂಟು ಬಳಸಿದರೆಂದು ಕೇಳಿ ಬರೆದಿಡದೆ ಹೋಗಿದ್ದರೆ ಅವರು ಇಪ್ಪತ್ತಾರು ಬೇರೆ ಬೇರೆ ಮನೆಗಳ ಬೇರೆ ಬೇರೆ ಹಣೆಬರಹಗಳಾಗಿ ಉಳಿಯುತ್ತಿದ್ದರು.

ಹಣೆಬರಹ ಎಂದೆವು. ತಕ್ದೀರ್, ಸಬ್ರ್ ಎಂಬ ಎರಡು ಪದಗಳು ಇಂಥ ಮನೆಗಳಿಗೆ ಬೇಗ ಬರುತ್ತವೆ. ಸಾಂತ್ವನ ಹೇಳಲು ಬಂದವರ ಬಾಯಲ್ಲಿ ಬೇರೇನಿರುತ್ತದೆ? ಅದನ್ನು ನಾವು ಹಳಿಯುವುದಿಲ್ಲ. ಹೋದ ಜೀವದ ಮುಂದೆ ಸಬ್ರ್ ಬಿಟ್ಟರೆ ಗತಿಯಿಲ್ಲ. ಆದರೆ ಅರಬಿಯಲ್ಲಿ ಆ ಪದದ ಮೂಲಾರ್ಥ ತಡೆದು ಹಿಡಿಯುವುದು ಎಂದು. ಕೈಚೆಲ್ಲುವುದು ಎಂದಲ್ಲ. ಸಬ್ರ್‌ಗೆ ನಿದರ್ಶನವೆಂದು ನಾವೆಲ್ಲ ಹೆಸರಿಸುವ ಪ್ರವಾದಿ ಅಯ್ಯೂಬ(ಅ)ರು ತಮ್ಮ ನೋವನ್ನು ಬಾಯಿಬಿಟ್ಟು ಹೇಳಿಕೊಂಡರು. ಹೇಳಿಕೊಂಡದ್ದರಿಂದ ಅವರ ಸಬ್ರ್ ಕಡಿಮೆಯಾಯಿತೆಂದು ಕುರ್‌ಆನ್ ಎಲ್ಲೂ ಹೇಳುವುದಿಲ್ಲ, ಅವರನ್ನು ಸಹನಶೀಲರೆಂದೇ ಕರೆಯುತ್ತದೆ. ಅವರಿಗೆ ಸಿಕ್ಕ ಉತ್ತರವೂ 'ಇನ್ನಷ್ಟು ಸಹಿಸು' ಎಂದಾಗಿರಲಿಲ್ಲ. ಕಾಲಿನಿಂದ ನೆಲ ಒದೆಯುವ ಅಪ್ಪಣೆ, ಸ್ನಾನಕ್ಕೂ ಕುಡಿಯಲಿಕ್ಕೂ ತಣ್ಣನೆಯ ನೀರು. ಪರಿಹಾರ ಬೇಡುವುದೂ ದೂರು ಹೇಳುವುದೂ ಸಬ್ರ್‌ನ ಹೊರಗಿನ ಸಂಗತಿಗಳಲ್ಲವೆಂದು ನಮಗೆ ತೋರುತ್ತದೆ. ಮಾಲೀಕನು ಕಿಟಕಿ ಇಡದ ಕೋಣೆಯಲ್ಲಿ ಅಂಟು ಹಚ್ಚುವ ಹುಡುಗನಿಗೆ ಶುಕ್ರವಾರದ ಖುತ್ಬಾದಲ್ಲಿ ಸಬ್ರ್ ಬೋಧಿಸುವಾಗ ಖತೀಬರು ಇದನ್ನೂ ನೆನೆಯಬೇಕು. ಮಾಲೀಕನೂ ಅದೇ ಸಫ್‌ನಲ್ಲಿ ಕುಳಿತಿರುತ್ತಾನೆ ತಾನೆ? ಅವನಿಗೆ ಹೇಳಬೇಕಾದ ಮಾತು ಸಬ್ರ್ ಅಲ್ಲ, ಅಮಾನತ್. ಕೆಲಸಕ್ಕೆ ಬಂದ ಮಗನ ರಕ್ತ ಅವನ ಕೈಗೆ ಒಪ್ಪಿಸಿದ ಠೇವಣಿ.

ಇಲ್ಲಿ ವನ್‌ಶರೀಸಿ ಮತ್ತೆ ನೆನಪಾಗುತ್ತಾರೆ. ಆ ಕೆಲಸ ಬಿಡು ಎಂದು ಹುಡುಗನಿಗೆ ಹೇಳುವವರಿದ್ದಾರೆ. ಬಿಟ್ಟು ಎಲ್ಲಿಗೆ ಹೋಗಬೇಕು? ಮುಖಕ್ಕೆ ಬಟ್ಟೆ ಕಟ್ಟಿಕೋ ಎನ್ನುವವರಿದ್ದಾರೆ. ಬಟ್ಟೆ ಧೂಳು ತಡೆದೀತು, ಆವಿಯನ್ನು ತಡೆಯುವುದಿಲ್ಲ. ಹೊರಡು ಎಂಬುದೂ ಬಾಗು ಎಂಬುದೂ ಹುಡುಗನಿಗೇ ಹೇಳುವ ಮಾತು. ಅಂಟಿಗೆ ಯಾರೂ ಏನೂ ಹೇಳುವುದಿಲ್ಲ. ಇಸ್ತಾಂಬುಲಿನಲ್ಲಿ ಕೊನೆಗೆ ಬದಲಾದದ್ದು ಅಂಟು. ಬೆಂಜೀನ್ ಬಳಕೆ ಕ್ರಮೇಣ ನಿಂತಿತು, ಹೊಸ ರೋಗಿಗಳೂ ಇಳಿದರು. ಬ್ಯಾಕ್ಟೀರಿಯಾ ತನ್ನ ಪಾತ್ರೆಗೆ ಏನು ಸುರಿಯಬೇಕೆಂದು ನಿರ್ಧರಿಸಲಾರದು, ಆದ್ದರಿಂದ ತಾನೇ ಬದಲಾಗಬೇಕು. ನಮ್ಮ ಪಾತ್ರೆಗೆ ಸುರಿಯುವವರು ನಮ್ಮ ನಡುವಿನವರೇ. ಅವರಿಗೆ ಹೆಸರಿದೆ, ವಿಳಾಸವಿದೆ, ಲೈಸೆನ್ಸ್ ಇದೆ.

ಅಂಟು ಬದಲಿಸಿದರೆ ಎಲ್ಲ ಸರಿಹೋಗುತ್ತದೆಂದೂ ಹೇಳುವಂತಿಲ್ಲ. ಜಪಾನಿನಲ್ಲಿ 1950ರ ದಶಕದಲ್ಲಿ ನಟಿ ಆಡ್ರಿ ಹೆಪ್‌ಬರ್ನ್ ಹೆಸರಿನಿಂದ ಒಂದು ಬಗೆಯ ಚಪ್ಪಲಿ ಬಹಳ ಜನಪ್ರಿಯವಾಯಿತು. ಅದನ್ನು ಮನೆಮನೆಗಳಲ್ಲಿ ಹೆಂಗಸರು ಕುಳಿತು ಅಂಟಿಸುತ್ತಿದ್ದರು. ಬೆಂಜೀನ್ ತಾಗಿ ರಕ್ತ ಕೆಟ್ಟು ಕೆಲವರು ಸತ್ತ ಮೇಲೆ 1959ರಲ್ಲಿ ಸರಕಾರ ಬೆಂಜೀನ್ ಇರುವ ರಬ್ಬರ್ ಅಂಟನ್ನು ನಿಷೇಧಿಸಿತು. ಅದರ ಜಾಗಕ್ಕೆ ಹೆಕ್ಸೇನ್ ಎಂಬ ದ್ರಾವಕದ ಅಂಟು ಬಂತು. 1960ರ ದಶಕದಲ್ಲಿ ಅದೇ ಚಪ್ಪಲಿ ಕೆಲಸದವರ ಕೈಕಾಲುಗಳು ಜೋಮುಹಿಡಿದು, ಬಲ ಕುಂದಿ, ನಡೆಯಲಾಗದ ಸ್ಥಿತಿ ಬಂತು. ಹೆಕ್ಸೇನ್ ಮಜ್ಜೆಯನ್ನು ಬಿಟ್ಟಿತು, ನರಗಳನ್ನು ಹಿಡಿಯಿತು.

ಈಗ ನೀರಿನ ಆಧಾರದ ಅಂಟುಗಳಿವೆ. ಅವುಗಳಲ್ಲಿ ಇಂಥ ಆವಿ ಬಹಳ ಕಡಿಮೆ. ಒಂದೇ ತೊಡಕೆಂದರೆ ಅವು ಒಣಗಲು ಹೆಚ್ಚು ಹೊತ್ತು ಬೇಕು. ಜೋಡಿಗೆ ಇಷ್ಟು ಎಂದು ಕೂಲಿ ಪಡೆಯುವವನಿಗೆ ಒಣಗುವ ಹೊತ್ತೆಂದರೆ ಸಂಜೆಗೆ ನಾಲ್ಕು ಜೋಡಿ ಕಡಿಮೆ. ಆ ನಾಲ್ಕು ಜೋಡಿಯ ದುಡ್ಡು ಯಾರ ಜೇಬಿನಿಂದ ಬರಬೇಕು, ಹುಡುಗನದೇ, ಅಂಗಡಿಯವನದೇ, ಚಪ್ಪಲಿ ಕೊಳ್ಳಲು ಹೋಗಿ ಹತ್ತು ರೂಪಾಯಿಗೆ ಚೌಕಾಶಿ ಮಾಡುವ ನಮ್ಮದೇ?